ಮೂರು ಚುಕ್ಕಿ, ಒಂದು ಗೀರು

ಬ್ಯಾಟರಿಯ ವಿಷಯದಲ್ಲಿ ಯಲ್ಲಯ್ಯ ಒಂದು ಮಾತು ಹೇಳಿದನೆಂದರೆ ತ್ಯಾಗರಾಜನಗರದಲ್ಲಿ ಅದಕ್ಕೆ ಅಪೀಲು ಇರಲಿಲ್ಲ. ಸ್ಕೂಟರಿನದೋ ಕಾರಿನದೋ ಬ್ಯಾಟರಿಯನ್ನು ಎರಡು ಕೈಯಲ್ಲಿ ಎತ್ತಿ, ಒಮ್ಮೆ ಅಲ್ಲಾಡಿಸಿ, ಮುಚ್ಚಳ ತಿರುಗಿಸಿ ಆಸಿಡ್ಡಿನ ಬಣ್ಣ ನೋಡಿ, "ಇನ್ನಾರು ತಿಂಗಳು ಓಡತ್ತೆ, ಹೋಗಿ ಸಾರ್" ಎಂದರೆ ಅದು ಆರು ತಿಂಗಳು ಓಡುತ್ತಿತ್ತು. "ಇದರ ತಿಥಿ ಮಾಡ್ಬಿಡಿ" ಎಂದನೋ, ಮಾರನೆಯ ಬೆಳಿಗ್ಗೆ ಆ ಗಾಡಿಯನ್ನು ತಳ್ಳಿಕೊಂಡೇ ಬರಬೇಕಿತ್ತು.

ಅಂಗಡಿ ಎಂದರೆ ಹತ್ತಡಿ ಅಗಲದ ಒಂದು ಮಳಿಗೆ. ಚಾರ್ಜಿಗೆ ಬಿಟ್ಟ ಬ್ಯಾಟರಿಗಳು ಗೋಡೆಗೆ ಸಾಲಾಗಿ ಕೂತಿರುತ್ತಿದ್ದವು. ಒಂದೇ ಕಂಪನಿ, ಒಂದೇ ಬಣ್ಣ. ಯಾರದೋ ಯಾರಿಗೋ ಹೋದರೆ ಬೀದಿ ರಂಪ. ಅದಕ್ಕೇ ಆ ಕಸುಬಿನವರೆಲ್ಲ ಏನಾದರೊಂದು ಗುರುತು ಹಾಕುತ್ತಾರೆ. ಯಲ್ಲಯ್ಯ ಮಾತ್ರ ಸೀಮೆಸುಣ್ಣ, ಬಣ್ಣ ಎಂದು ಹೋದವನಲ್ಲ. ಸಾಲ್ಡರಿಂಗ್ ಕಡ್ಡಿ ಕಾಯಿಸಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಮೂರು ಚುಕ್ಕಿ ಇಟ್ಟು ಕೆಳಗೊಂದು ಗೀರು ಎಳೆಯುತ್ತಿದ್ದ. ಅದೂ ಎಲ್ಲದಕ್ಕೂ ಅಲ್ಲ. ತಾನೇ ಪರೀಕ್ಷೆ ಮಾಡಿ ಒಪ್ಪಿದ ಮಾಲಿಗೆ ಮಾತ್ರ. ಇನ್ನೊಂದು ಪದ್ಧತಿ ಎಂದರೆ ಅಮಾವಾಸ್ಯೆ. ಪ್ರತಿ ಅಮಾವಾಸ್ಯೆ ಅಂಗಡಿಗೆ ನಿಂಬೆಹಣ್ಣು ಕಟ್ಟಿ, ಒಂದೊಂದೇ ಬ್ಯಾಟರಿಗೆ ನೀರು ಹಾಕಿ ತಪಾಸಣೆ. ತಾರೀಕು ಮರೆತುಹೋಗಬಹುದು, ಅಮಾವಾಸ್ಯೆ ಮರೆಯುವುದಿಲ್ಲ ಎಂಬುದು ಅವನ ಲೆಕ್ಕಾಚಾರ.

ತೊಂಬತ್ತೆಂಟರಲ್ಲಿ ಮಳಿಗೆಯ ಕಟ್ಟಡ ಒಡೆದರು. ಯಲ್ಲಯ್ಯನಿಗೆ ಆಗ ನಲವತ್ತೇಳು. ಬೇರೆ ಮಳಿಗೆಗೆ ಅಡ್ವಾನ್ಸ್ ಕೊಡುವ ಶಕ್ತಿ ಇಲ್ಲದೆ ಮನೆಯಲ್ಲಿ ಮಂಡಿ ಹಿಡಿದು ಕೂತಿದ್ದಾಗ ಹುಡುಕಿಕೊಂಡು ಬಂದವರು ಜಯದೇವಪ್ಪ. ಹಳೆಯ ಗಿರಾಕಿ, ಯಾವುದೋ ಆಫೀಸಿನಲ್ಲಿ ಸೂಪರಿಂಟೆಂಡೆಂಟು, ಜೆ.ಪಿ. ನಗರದ ಮಂದಾರ ಅಪಾರ್ಟ್‌ಮೆಂಟಿನ ಸೆಕ್ರೆಟರಿ. "ಎದ್ದೇಳೋ ಯಲ್ಲಯ್ಯ. ನಮ್ಮಲ್ಲಿ ಕರೆಂಟು, ಪಂಪು, ಲಿಫ್ಟು ನೋಡ್ಕೊಳ್ಳೋಕೆ ಒಬ್ಬ ಬೇಕು. ಸಂಪಿನ ಪಕ್ಕ ರೂಮಿದೆ, ಹೆಂಡ್ತಿ ಕರ್ಕೊಂಡು ಬಂದ್ಬಿಡು" ಎಂದರು. ಅವತ್ತಿನಿಂದ ಯಲ್ಲಯ್ಯನ ಬಾಯಲ್ಲಿ ಅವರು ಜಯದೇವಣ್ಣ. ನಾಲ್ಕು ಜನರ ಎದುರಿಗೆ ಸಾರ್. ಇಬ್ಬರೇ ಇದ್ದಾಗ ಅಣ್ಣ. ಭಾನುವಾರ ಅಂಕಮ್ಮ ಬಸ್ಸಾರು ಮುದ್ದೆ ಮಾಡಿದರೆ ಅಣ್ಣ ಸಂಪಿನ ಪಕ್ಕದ ಆ ರೂಮಿನಲ್ಲೇ ಚಕ್ಕಂಬಕ್ಕಳ ಹಾಕಿ ಕೂತು ಎರಡು ಮುದ್ದೆ ನುಂಗುತ್ತಿದ್ದರು. ಎಂಟು ವರ್ಷ ಹೀಗೇ ನಡೆಯಿತು.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ಕರೆಂಟು ಹೋಗಿ, ಎರಡನೇ ಮಹಡಿಯವರೊಬ್ಬರು ಮುಕ್ಕಾಲು ಗಂಟೆ ಲಿಫ್ಟಿನೊಳಗೆ ಸಿಕ್ಕಿಕೊಂಡರು. ಒಳಗೆ ಗವ್ವೆನ್ನುವ ಕತ್ತಲು. ಕೂಗಿದ್ದು ಹೊರಗೆ ಕೇಳಲಿಲ್ಲ. ಅವತ್ತಿನಿಂದ ನಾಲ್ಕನೇ ಮಹಡಿಯ ನಾಗಲಕ್ಷ್ಮಮ್ಮ ಲಿಫ್ಟಿಗೆ ಕಾಲಿಡುವುದನ್ನೇ ಬಿಟ್ಟರು. ಸ್ಕೂಲಿನಲ್ಲಿ ಟೀಚರಾಗಿ ರಿಟೈರಾದವರು, ಎರಡೂ ಮಂಡಿ ಸವೆದುಹೋಗಿದೆ. ತರಕಾರಿ ಚೀಲ ಹಿಡಿದು ಮೆಟ್ಟಿಲಿಗೊಂದು ಸಲ "ಅಯ್ಯಪ್ಪಾ" ಎನ್ನುತ್ತ ಹತ್ತುವುದನ್ನು ನೋಡಲಾಗುತ್ತಿರಲಿಲ್ಲ.

ಕಮಿಟಿ ಕೂತಿತು. ಮಹಡಿಗೊಂದು ಎಮರ್ಜೆನ್ಸಿ ಡಬ್ಬ: ಟಾರ್ಚು, ಹಗ್ಗ, ಪ್ರಥಮ ಚಿಕಿತ್ಸೆಯ ಸಾಮಾನು, ಒಂದು ವಾಕಿಟಾಕಿ. ಲಿಫ್ಟಿನೊಳಗೆ ಇನ್ನೊಂದು ವಾಕಿಟಾಕಿ. ಲಿಫ್ಟಿನ ದೀಪ, ಫ್ಯಾನು, ಗಂಟೆ, ಮೆಟ್ಟಿಲ ದೀಪಗಳಿಗೆ ಬ್ಯಾಟರಿ. ಒಬ್ಬರು ದೊಡ್ಡ ಜನರೇಟರೇ ಬೇಕೆಂದರು. ಹೊಗೆ ನಮ್ಮ ಅಡುಗೆಮನೆಗೆ ಬರುತ್ತದೆಂದು ಇನ್ನೊಬ್ಬರು ಎಗರಿದರು. ಕೊನೆಗೆ ಜಯದೇವಪ್ಪ ಕೈ ಎತ್ತಿ, "ನಾವ್ಯಾಕೆ ಕಚ್ಚಾಡೋದು? ಯಲ್ಲಯ್ಯ ಆರಿಸ್ಲಿ. ಬ್ಯಾಟರಿ ವಿಷ್ಯದಲ್ಲಿ ಅವನ ಮಾತು ಅಂದ್ರೆ ಮಾತು" ಎಂದರು. ಯಲ್ಲಯ್ಯನ ಎದೆ ಅರಳಿತು. ಅಂಗಡಿ ಹೋದ ಮೇಲೆ ಆ ಮಾತನ್ನು ಅವನು ಕೇಳಿಯೇ ಇರಲಿಲ್ಲ.

ಹದಿನೈದು ದಿನ ಜೆ.ಸಿ. ರೋಡು, ಎಸ್.ಪಿ. ರೋಡು ಸುತ್ತಿದ. ಮೂರು ಅಂಗಡಿಯಿಂದ ಮೂರು ಬ್ಯಾಟರಿ ತರಿಸಿ, ಪಂಪ್ ರೂಮಿನಲ್ಲಿ ಫ್ಯಾನು ದೀಪ ಹಚ್ಚಿಟ್ಟು, ಯಾವುದು ಎಷ್ಟು ಹೊತ್ತು ಎಳೆಯುತ್ತದೆಂದು ಎದುರಿಗೆ ಸ್ಟೂಲು ಹಾಕಿಕೊಂಡು ಕೂತ. ಚಾರ್ಜು ಮಾಡಿ ಹತ್ತು ದಿನ ಸುಮ್ಮನೆ ಬಿಟ್ಟು, ಹನ್ನೊಂದನೇ ದಿನ ಹಾಕಿ ನೋಡಿದ. "ಓಡಿಸಿದ್ರೆ ಎಲ್ಲಾನೂ ಓಡತ್ತೆ. ಸುಮ್ನೆ ಬಿಟ್ಟಾಗ ಶಕ್ತಿ ಹಿಡ್ಕೊಳತ್ತಲ್ಲ, ಅದು ಬ್ಯಾಟರಿ" ಎನ್ನುತ್ತಿದ್ದ. ವಾಕಿಟಾಕಿಯ ವಿಷಯದಲ್ಲಿ ಅಂಗಡಿಯವನ ತಲೆ ತಿಂದ. ಅಂದವಾದ ಚಿಕ್ಕ ಸೆಟ್ಟುಗಳು ನೆಲಮಾಳಿಗೆಗೆ ಇಳಿದರೆ ಮೂಕ. ಅವನಿಗೆ ಬೇಕಾದದ್ದು ಲಿಫ್ಟಿನ ಕಬ್ಬಿಣದ ಬಾಗಿಲು ಮುಚ್ಚಿದ್ದರೂ ಗೇಟಿನವರೆಗೆ ಕೇಳುವ ಸೆಟ್ಟು. ಲೈಸೆನ್ಸು ಬೇಕಾದರೆ ಅದರ ಕಾಗದಪತ್ರವೂ ಅಂಗಡಿಯಿಂದಲೇ ಆಗಬೇಕೆಂದು ಹಟ ಹಿಡಿದ. ಕಡೆಯ ಪರೀಕ್ಷೆಯ ದಿನ ಇಡೀ ಕಮಿಟಿ ಟೆರೇಸಿನಲ್ಲಿ ಸೆಟ್ಟು ಹಿಡಿದು ನಿಂತಿತ್ತು. ಕೆಳಗೆ ಸಂಪಿನ ರೂಮಿನಲ್ಲಿ ಇನ್ನೊಂದು ಸೆಟ್ಟು ಅಂಕಮ್ಮನ ಕೈಯಲ್ಲಿ. "ಏನಾದ್ರೂ ಮಾತಾಡು" ಎಂದು ಯಲ್ಲಯ್ಯ ಮೇಲಿನಿಂದ ಹೇಳಿದರೆ ಅವಳು, "ಮುದ್ದೆ ಕಲ್ಲಾಯ್ತು, ಬರ್ತೀಯೋ ನಾಯಿಗಾಕ್ಲೋ?" ಎಂದಳು. ಕಮಿಟಿಯವರೆಲ್ಲ ಗೊಳ್ಳೆಂದರು. ಆ ಸೆಟ್ಟೇ ಪಾಸಾಯಿತು.

ಒಪ್ಪಿದ ಬ್ಯಾಟರಿಗೂ ಆರು ಸೆಟ್ಟುಗಳಿಗೂ ಯಲ್ಲಯ್ಯ ತನ್ನ ಗುರುತು ಹಾಕಿದ. ಬ್ಯಾಟರಿಗೆ ತಳದ ಅಂಚಿನಲ್ಲಿ, ಸೆಟ್ಟಿಗೆ ಹಿಂದಿನ ಮುಚ್ಚಳದ ಒಳಗೆ. ಆಮೇಲೆ ನಾಲ್ಕನೇ ಮಹಡಿಗೆ ಹೋಗಿ ಬಾಗಿಲು ತಟ್ಟಿದ.

"ಅಮ್ಮಾ, ಇಲ್ಲಿ ಬೆರಳಿಟ್ಟು ನೋಡಿ."

ನಾಗಲಕ್ಷ್ಮಮ್ಮ ಕನ್ನಡಕ ಏರಿಸಿ ಮುಟ್ಟಿ ನೋಡಿದರು. "ಏನೋ ಇದು, ತರಿತರಿಯಾಗಿದೆ?"

"ಮೂರು ಚುಕ್ಕಿ, ಒಂದು ಗೀರು. ಇದಿದ್ರೆ ಯಲ್ಲಯ್ಯ ಇದಾನೆ ಅಂತ ಅರ್ಥ. ನಾಳೆಯಿಂದ ಲಿಫ್ಟ್ ಹತ್ತಿ. ಏನಾದ್ರೂ ಆದ್ರೆ ನನ್ನ ಕೇಳಿ."

ಮರುದಿನ ಅವರು ಲಿಫ್ಟಿನ ಬಾಗಿಲಲ್ಲಿ ನಿಂತು, "ಹತ್ತಲೇನೋ ಯಲ್ಲಯ್ಯ?" ಎಂದರು. "ಹತ್ತಿ ಅಮ್ಮ, ನಾನಿದೀನಲ್ಲ" ಎಂದ. ಅಲ್ಲಿಂದ ಮುಂದೆ ಅದೊಂದು ವಾಡಿಕೆಯೇ ಆಗಿಹೋಯಿತು. ಅವರು ಕೇಳದೆ ಹತ್ತುತ್ತಿರಲಿಲ್ಲ. ಇವನು ಹೇಳದೆ ಬಿಡುತ್ತಿರಲಿಲ್ಲ.

ಆ ವರ್ಷ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡಲು ಯಲ್ಲಯ್ಯ ಮಾಗಡಿ ಕಡೆಯ ತನ್ನ ಊರಿಗೆ ಹೋಗಬೇಕಿತ್ತು. ಅಮಾವಾಸ್ಯೆಯ ತಪಾಸಣೆ ತಪ್ಪುತ್ತದಲ್ಲ ಎಂದು ಒದ್ದಾಡುತ್ತಿದ್ದವನಿಗೆ ಜಯದೇವಪ್ಪ ಹೆಗಲ ಮೇಲೆ ಕೈ ಹಾಕಿ, "ಅಪ್ಪ ಅಮ್ಮಂಗೆ ಎಡೆ ಇಡೋದು ತಪ್ಪಿಸ್ತೀಯೇನೋ? ಮೂರು ದಿನ ಆರಾಮಾಗಿ ಹೋಗ್ಬಾ. ನಾನು ನೋಡ್ಕೋತೀನಿ" ಎಂದರು. ಬಸ್ಸಿನಲ್ಲಿ ಯಲ್ಲಯ್ಯ ಹೆಂಡತಿಗೆ, "ಒಡಹುಟ್ಟಿದೋರೂ ಹಿಂಗೆ ಹೇಳಲ್ಲ ಕಣೇ" ಎಂದ. ಪಾಪ!

ಊರಿಂದ ಬಂದವನು, ಎಲ್ಲ ನೋಡಾಯಿತೆಂದು ಜಯದೇವಪ್ಪ ಹೇಳಿದ ಮೇಲೆ ಮತ್ತೆ ತಪಾಸಣೆಗೆ ಇಳಿಯಲಿಲ್ಲ. ಅಮಾವಾಸ್ಯೆ ಕಳೆದು ಒಂಬತ್ತು ದಿನಕ್ಕೆ ಆಯುಧ ಪೂಜೆ ಬಂತು. ಯಲ್ಲಯ್ಯನಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಆಯುಧಗಳಿಗೆ ಅವತ್ತು ವಿಶ್ರಾಂತಿ ಎಂಬುದು ಅವನ ಅಪ್ಪನ ಕಾಲದ ಮಾತು. ಬೆಳಿಗ್ಗೆ ಬ್ಯಾಟರಿಯ ಚಾರ್ಜರ್ ಆಫ್ ಮಾಡಿದ, ವಾಕಿಟಾಕಿಗಳನ್ನು ಚಾರ್ಜಿನ ಸ್ಟ್ಯಾಂಡಿನಿಂದ ಎತ್ತಿ ಸಾಲಾಗಿಟ್ಟ, ಎಲ್ಲಕ್ಕೂ ಅರಿಶಿನ ಕುಂಕುಮ, ಸೇವಂತಿಗೆ. ಹತ್ತು ದಿನ ಶಕ್ತಿ ಹಿಡಿದುಕೊಳ್ಳುವ ಮಾಲಿಗೆ ಒಂದು ದಿನದ ವಿಶ್ರಾಂತಿ ಯಾವ ಲೆಕ್ಕ? ಲಿಫ್ಟಿನ ಬಾಗಿಲಲ್ಲಿ ಬೂದುಗುಂಬಳ ಒಡೆದು, ಸಂಜೆ ಸೆಟ್ಟುಗಳನ್ನು ಅವವುಗಳ ಜಾಗದಲ್ಲಿಟ್ಟ. ಹಸಿರು ದೀಪ ಉರಿಯುತ್ತಿತ್ತು. ಚಾರ್ಜರ್ ಹಾಕುವುದು ನಾಳೆ ವಿಜಯದಶಮಿಗೆ.

ಆರೂವರೆಗೆ ನಾಗಲಕ್ಷ್ಮಮ್ಮ ಕೆಳಗಿನ ಮನೆಯವರ ಅರಿಶಿನ ಕುಂಕುಮಕ್ಕೆ ಬಂದು, ತಟ್ಟೆಯಲ್ಲಿ ಎಲೆ ಅಡಿಕೆ, ಹಬ್ಬದ ತಿಂಡಿ ಚರ್ಪು ಹಿಡಿದು ಲಿಫ್ಟಿನ ಮುಂದೆ ನಿಂತರು. ಮೋಡ ಗುಡುಗುತ್ತಿತ್ತು.

"ಹತ್ತಲೇನೋ?"

"ಹತ್ತಿ ಅಮ್ಮ, ನಾನಿದೀನಲ್ಲ."

ಬಾಗಿಲು ಮುಚ್ಚಿ ಲಿಫ್ಟು ಏರಿತು. ಎಲ್ಲೋ ಮರ ಬಿತ್ತೋ ತಂತಿ ಹರಿಯಿತೋ, ಇಡೀ ಬೀದಿ ಕತ್ತಲಾಯಿತು. ಯಲ್ಲಯ್ಯ ಗಾಬರಿಯಾಗಲಿಲ್ಲ. ಬ್ಯಾಟರಿಯ ದೀಪ ಹತ್ತಿತಲ್ಲ. ಎರಡು ನಿಮಿಷ ಉರಿದ ದೀಪ ಹಳದಿಯಾಯಿತು, ಕೆಂಪಾಯಿತು, ಹೋಯಿತು. ಯಲ್ಲಯ್ಯ ಸೆಟ್ಟು ಬಾಯಿಗಿಟ್ಟು, "ಅಮ್ಮಾ, ಹೆದರ್ಕೋಬೇಡಿ" ಎಂದ. ಸೆಟ್ಟು ಕುಂಯ್ ಎಂದು ಸತ್ತಿತು. ಬೇರೆ ಸೆಟ್ಟು ತೆಗೆದ, ಅದೂ ಅಷ್ಟೇ. ಮೇಲಿನಿಂದ ತಟ್ಟೆ ಬಿದ್ದ ಸದ್ದು, ಆಮೇಲೆ ಮಂದವಾಗಿ "ಯಲ್ಲಯ್ಯಾ, ಯಲ್ಲಯ್ಯಾ" ಎಂಬ ಕೂಗು. ಟೆರೇಸಿಗೆ ಓಡಿ, ಲಿಫ್ಟ್ ಮೆಷಿನ್ನಿನ ಚಕ್ರವನ್ನು ಕೈಯಿಂದ ತಿರುಗಿಸಿ ಲಿಫ್ಟನ್ನು ಮೂರನೇ ಮಹಡಿಗೆ ಇಳಿಸಿ ಬಾಗಿಲು ಎಳೆಯುವಷ್ಟರಲ್ಲಿ ಐವತ್ತು ನಿಮಿಷವಾಗಿತ್ತು. ನಾಗಲಕ್ಷ್ಮಮ್ಮ ಚೆಲ್ಲಿದ ಚರ್ಪಿನ ನಡುವೆ ನೆಲದ ಮೇಲೆ ಕೂತಿದ್ದರು, ಸೀರೆ ಒದ್ದೆಯಾಗಿತ್ತು. ಅವನ ಮುಖ ನೋಡಲಿಲ್ಲ. "ನೀನು ಹತ್ತು ಅಂದೆ" ಎಂದರು, ಅಷ್ಟೇ.

ಯಲ್ಲಯ್ಯ ಬೆಳಗಾಗುತ್ತಲೇ ಪಂಪ್ ರೂಮಿಗೆ ಹೋಗಿ ಬ್ಯಾಟರಿಯನ್ನು ಪಕ್ಕಕ್ಕೆ ವಾಲಿಸಿ ತಳದ ಅಂಚಿನಲ್ಲಿ ಬೆರಳಾಡಿಸಿದ. ನುಣುಪು. ಸೆಟ್ಟುಗಳ ಮುಚ್ಚಳ ತೆಗೆದ. ನುಣುಪು. ಅದೇ ಕಂಪನಿ, ಅದೇ ಬಣ್ಣ, ಹೊಸ ಸ್ಟಿಕ್ಕರು, ಒಳಗೆ ಹೆಣ. ತಾನು ಆರಿಸಿದ್ದು ಇದಲ್ಲವೇ ಅಲ್ಲ! ಒಂದು ಗಳಿಗೆ ಅವನಿಗೆ ಸಂತೋಷವೇ ಆಯಿತು. ಆಮೇಲೆ, ಹಾಗಾದರೆ ಯಾರು ಎಂಬ ಪ್ರಶ್ನೆ ಬಂತು.

ಗೇಟಿನಲ್ಲಿ ವಾಚ್‌ಮನ್ ಹಣಮಪ್ಪ. ಬಾಗಲಕೋಟೆ ಕಡೆಯವನು, ಬಿ.ಟಿ.ಎಂ.ನಲ್ಲಿ ಬಾಡಿಗೆ ಮನೆ, ಅಕ್ಷರ ಮುತ್ತಿನಂಥದ್ದು. "ನಾ ಅಂತೂ ಬರದಿಟ್ಟೀನ್ರಿ ಯಜಮಾನ್ರ" ಎಂದು ರಿಜಿಸ್ಟರ್ ತಿರುವಿದ. "ಗೇಟಿನ್ಯಾಗಿಂದ ಗುಂಡಸೂಜಿ ಹೊರಗ ಹೋದ್ರೂ ಬರೀತೀನ್ರಿ ನಾ. ನೋಡ್ರಿಲ್ಲೆ, ಅಮಾಸಿ ದಿನ. ಬ್ಯಾಟರಿ ಒಂದು, ವಾಕಿಟಾಕಿ ಆರು, ರಿಪೇರಿಗಂತ ವಸಂತಪುರಕ್ಕ. ಸಾಯಂಕಾಲ ವಾಪಸ್. ಸೆಕ್ರೆಟರಿ ಸಾಹೇಬ್ರ ಕಾರಿನ್ಯಾಗ."

"ಸೆಕ್ರೆಟರಿ ಸಾಹೇಬ್ರಾ?"

"ಹೌದ್ರಿ. ನಿಮಗ ಗೊತ್ತಿಲ್ಲೇನ್ರಿ?"

ಗೊತ್ತಿರಲಿಲ್ಲ. ಗೊತ್ತಾದ ಮೇಲೂ ನಂಬಲಿಲ್ಲ ನಮ್ಮ ಯಲ್ಲಯ್ಯ. ಏನೋ ಒಳ್ಳೆಯದಕ್ಕೇ ರಿಪೇರಿಗೆ ಒಯ್ದಿರಬೇಕು, ರಿಪೇರಿಯವನೇ ಬದಲಾಯಿಸಿರಬೇಕು ಎಂದುಕೊಂಡೇ ವಸಂತಪುರದ ಬಸ್ಸು ಹತ್ತಿದ. ಅಲ್ಲಿ ಜಯದೇವಪ್ಪನವರ ಭಾವಮೈದುನ ಸೋಮಲಿಂಗಪ್ಪ ಮದುವೆ ಛತ್ರ ಕಟ್ಟಿಸಿದ್ದ; ರಿಪೇರಿ ಅಂಗಡಿ ಎಲ್ಲೆಂದು ಕೇಳಲು ಯಲ್ಲಯ್ಯ ಮೊದಲು ಅಲ್ಲಿಗೇ ಹೋದ. ನವರಾತ್ರಿಯ ಮೊದಲ ದಿನವೇ ಅದರ ಓಪನಿಂಗು ಆಗಿತ್ತು. ಬಾಗಿಲ ತೋರಣ ಇನ್ನೂ ಇಳಿಸಿರಲಿಲ್ಲ. ಪಾರ್ಕಿಂಗಿನವನ ಸೊಂಟದಲ್ಲೊಂದು ಸೆಟ್ಟು, ಅಡುಗೆ ಭಟ್ಟರ ಹತ್ತಿರ ಒಂದು. ಯಲ್ಲಯ್ಯ ತನ್ನ ಹೆಸರು ಹೇಳಿದ್ದೇ ತಡ, ಸೋಮಲಿಂಗಪ್ಪ ಎದ್ದು ಬಂದು ಕೈ ಹಿಡಿದ.

"ಓಹೋ, ನೀವೇನಾ ಯಲ್ಲಯ್ಯ! ಬನ್ನಿ ಬನ್ನಿ, ಕಾಫಿ ತಗೊಳ್ಳಿ. ಸಖತ್ ಮಾಲು ಕೊಡ್ಸಿದೀರ. ನಾನು ಹೊಸಾದೇ ತಗೋತೀನಿ ಅಂದೆ. ಭಾವ ಬಿಡ್ಲಿಲ್ಲ ರೀ. ಅಂಗಡಿ ಮಾಲು ನಂಬೋಕಾಗಲ್ಲ, ಯಲ್ಲಯ್ಯ ಟೆಸ್ಟ್ ಮಾಡಿ ಗುರುತು ಹಾಕಿರೋದೇ ಬೇಕು, ಅದಕ್ಕೆ ಕಣ್ಣು ಮುಚ್ಕೊಂಡು ಗ್ಯಾರಂಟಿ ಅಂದ್ರು. ಒಂದು ಸೆಟ್ ಮಾತ್ರ ಕರಕರ ಅಂತಿದೆ, ಸ್ವಲ್ಪ ನೋಡ್ತೀರಾ?"

ಯಲ್ಲಯ್ಯ ಆ ಸೆಟ್ಟು ತೆಗೆದುಕೊಂಡು ಮುಚ್ಚಳದೊಳಗೆ ಬೆರಳಿಟ್ಟ. ಮೂರು ಚುಕ್ಕಿ, ಒಂದು ಗೀರು. ಅವನ ಮಾತನ್ನು ಪೂರ್ತಿ ನಂಬಿದ್ದವರು ಇಡೀ ಬೆಂಗಳೂರಿನಲ್ಲಿ ಒಬ್ಬರೇ, ಜಯದೇವಣ್ಣ. ಆ ನಂಬಿಕೆಯಿಂದಲೇ ಕದ್ದಿದ್ದರು. ಕಾಫಿ ಮುಟ್ಟದೆ, ರಿಪೇರಿ ಮಾಡಿ ತರುತ್ತೇನೆಂದು ಸೆಟ್ಟನ್ನು ಜೇಬಿಗೆ ಹಾಕಿಕೊಂಡು ಹೊರಟ.

ಜಯದೇವಪ್ಪ ಟೆರೇಸಿನಲ್ಲಿ ವಾಕಿಂಗ್ ಮಾಡುತ್ತಿದ್ದರು. "ಅಣ್ಣ, ವಸಂತಪುರಕ್ಕೆ ಹೋಗಿದ್ದೆ" ಎಂದ. ಅವರು ನಿಂತರು. ಮುಖ ಒಂದು ಕ್ಷಣ ಕಪ್ಪಿಟ್ಟಿತು. ಮರುಕ್ಷಣ ಹೆಗಲ ಮೇಲೆ ಅದೇ ಕೈ.

"ಓಪನಿಂಗಿಗೆ ಅರ್ಜೆಂಟಿತ್ತು ಕಣೋ. ಎರಡು ವಾರಕ್ಕೆ ಅಂತ ಬದಲಿ ಇಟ್ಟೆ. ಈ ಹಾಳು ಕರೆಂಟು ಅಷ್ಟರಲ್ಲೇ ಹೋಗ್ಬೇಕಾ! ಯಾರ್ಗೂ ಹೇಳ್ಬೇಡ. ಭಾನುವಾರ ಮೀಟಿಂಗಿದೆ, ಅಲ್ಲಿ ನಿನ್ನ ಹೆಸರು ಕೆಡದ ಹಾಗೆ ನಾನು ನೋಡ್ಕೋತೀನಿ."

ಮತ್ತೆ ಅದೇ ಮಾತು, ನಾನು ನೋಡ್ಕೋತೀನಿ. ಯಲ್ಲಯ್ಯ ತಲೆಯಾಡಿಸಿ ಇಳಿದು ಬಂದ. ಅಂಕಮ್ಮ ಕೇಳಿ ಸೌಟು ಕುಕ್ಕಿದಳು. "ಬೇಲೀನೇ ಎದ್ದು ಹೊಲ ಮೇಯ್ತಲ್ಲೋ! ನನ್ನ ಕೈ ಮುದ್ದೆ ತಿಂದೋನು! ಇನ್ನೂ ಅಣ್ಣ ಅಂತೀಯಾ ನೀನು?" "ಎಂಟು ವರ್ಷ ಅನ್ನ ಹಾಕಿದಾರೆ ಕಣೇ, ಒಂದು ಸಲ ನೋಡೋಣ" ಎಂದ. ಆದರೂ ಭಾನುವಾರ ಆ ಸೆಟ್ಟನ್ನೂ ಲಿಫ್ಟಿನಲ್ಲಿದ್ದ ಸೆಟ್ಟನ್ನೂ ಜೇಬಿನಲ್ಲಿಟ್ಟುಕೊಂಡೇ ಹೋದ.

ಮೀಟಿಂಗು ನೆಲಮಾಳಿಗೆಯ ಪಾರ್ಕಿಂಗಿನಲ್ಲಿ. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಮೂವತ್ತು ಜನ, ಮುಂದಿನ ಸಾಲಿನಲ್ಲಿ ನಾಗಲಕ್ಷ್ಮಮ್ಮ. ಜಯದೇವಪ್ಪ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ನೋಡಿ, ಆಗಿದ್ದು ಆಗೋಯ್ತು. ಆರಿಸಿದ್ದು ಯಲ್ಲಯ್ಯ, ನಾವೆಲ್ಲ ಅವನನ್ನ ನಂಬಿದ್ವಿ. ವಯಸ್ಸಾಯ್ತು, ಕಣ್ಣು ಮಂಜು, ಯಾವನೋ ಅಂಗಡಿಯೋನು ಟೋಪಿ ಹಾಕಿದಾನೆ. ಬಡವ, ಹೊಟ್ಟೆ ಮೇಲೆ ಹೊಡೆಯೋದು ಬೇಡ. ನನ್ನ ಮುಖ ನೋಡಿ ಈ ಸಲ ಕ್ಷಮಿಸ್ಬಿಡಿ. ಬದಲಿ ಮಾಲು ನಾನೇ ಓಡಾಡಿ ತರಿಸ್ತೀನಿ."

"ಎಂಥ ದೊಡ್ಡ ಮನಸ್ಸು" ಎಂದರು ಹಿಂದಿನಿಂದ ಯಾರೋ.

ಯಲ್ಲಯ್ಯನ ಕಿವಿ ಕಾದ ಕಡ್ಡಿಯಾಯಿತು. ಅವರು ಕದ್ದ ವಿಷಯವನ್ನು ಅವನು ನುಂಗಿಕೊಂಡಿದ್ದ. ಕದ್ದವರು ತಮ್ಮ ತಪ್ಪಿಗೆ ಕ್ಷಮೆ ಕೇಳುವ ಬದಲು, ಅವನನ್ನೇ ಕ್ಷಮಿಸಿಬಿಟ್ಟರಲ್ಲ! ಎದ್ದು ನೇರವಾಗಿ ಮುಂದಿನ ಸಾಲಿಗೆ ಹೋಗಿ, ಎರಡು ಸೆಟ್ಟುಗಳನ್ನು ನಾಗಲಕ್ಷ್ಮಮ್ಮನ ಮಡಿಲಲ್ಲಿಟ್ಟ.

"ಅಮ್ಮಾ, ಮುಚ್ಚಳ ತೆಗೆದು ಬೆರಳಿಟ್ಟು ನೋಡಿ."

ಅವರು ನೋಡಿದರು. ಒಂದನ್ನು, ಆಮೇಲೆ ಇನ್ನೊಂದನ್ನು. "ಇದರಲ್ಲಿದೆ" ಎಂದರು. "ಇದರಲ್ಲಿಲ್ಲ."

"ಇಲ್ದೇ ಇರೋದು ಲಿಫ್ಟಲ್ಲಿತ್ತು. ಇರೋದು ವಸಂತಪುರದಲ್ಲಿತ್ತು, ಸೆಕ್ರೆಟರಿ ಸಾರ್ ಭಾವಮೈದುನನ ಛತ್ರದಲ್ಲಿ. ನಾನು ಎಡೆ ಇಡೋಕೆ ಹೋದಾಗ ಹೋಗಿದ್ದು. ಹಣಮಪ್ಪ, ಓದಪ್ಪಾ."

ಹಣಮಪ್ಪ ರಿಜಿಸ್ಟರ್ ಹಿಡಿದು ಒಂದಕ್ಷರ ಬಿಡದೆ ಓದಿದ.

ಜಯದೇವಪ್ಪ ಮಾತ್ರ ಪಾಕಡಾ ಆಸಾಮಿ, ಜಗ್ಗಲಿಲ್ಲ. ಬೀಗದ ಕೈ ಗೊಂಚಲನ್ನು ಮೇಜಿನ ಮೇಲೆ ಕುಕ್ಕಿ, "ಸರಿ, ರಾಜೀನಾಮೆ ಕೊಡ್ತೀನಿ. ಟ್ಯಾಂಕರ್‌ನೋರು, ಕಸದೋರು, ಲಿಫ್ಟ್ ಕಂಪನಿ, ಮೇಲಿನ ಟಾಯ್ಲೆಟ್ ಸೋರೋದು, ಎಲ್ಲಾ ಯಾರು ನೋಡ್ಕೋತೀರೋ ಬನ್ನಿ, ಈ ಬೀಗದ ಕೈ ತಗೊಳ್ಳಿ" ಎಂದರು.

ಮೂವತ್ತು ಜನವೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಯಾರೋ ಕೆಮ್ಮಿದರು. "ಮಾಲು ವಾಪಸ್ ಬಂದ್ರೆ ಆಯ್ತಲ್ಲ ಸಾರ್" ಎಂದರು ಒಬ್ಬರು. "ಇದನ್ನ ಮಿನಿಟ್ಸಲ್ಲಿ ಬರೆಯೋದೇನೂ ಬೇಡ" ಎಂದರು ಮತ್ತೊಬ್ಬರು. ಯಲ್ಲಯ್ಯ ನಾಗಲಕ್ಷ್ಮಮ್ಮನನ್ನು ನೋಡಿದ. ಐವತ್ತು ನಿಮಿಷ ಕತ್ತಲಲ್ಲಿ ಕೂಗಿದ ಬಾಯಿ ಅದು, ಈಗಲಾದರೂ ಒಂದು ಮಾತು ಆಡಲಿ. ಅವರು ಸೆಟ್ಟುಗಳನ್ನು ಮೆಲ್ಲಗೆ ಕುರ್ಚಿಯ ಮೇಲಿಟ್ಟು, "ಹೋಗ್ಲಿ ಬಿಡಿ. ಒಂದೇ ಕಟ್ಟಡದಲ್ಲಿ ಬಾಳೋರು, ಜಗಳ ಯಾಕೆ?" ಎಂದರು.

ಜಯದೇವಪ್ಪ ಬೀಗದ ಕೈ ಗೊಂಚಲನ್ನು ಎತ್ತಿ ಜೇಬಿಗೆ ಹಾಕಿಕೊಂಡರು.

ಮಂಗಳವಾರ ಬ್ಯಾಟರಿಯೂ ಸೆಟ್ಟುಗಳೂ ವಾಪಸು ಬಂದವು. ಯಲ್ಲಯ್ಯ ಎಲ್ಲವನ್ನೂ ಮೊದಲಿನಂತೆ ಜೋಡಿಸಿದ. ಸಂಪಿನ ಪಕ್ಕದ ರೂಮು ಬಿಟ್ಟರೆ ಹೋಗಲು ಬೇರೆ ಜಾಗವಿರಲಿಲ್ಲ. ಜೋಡಿಸುವ ಮೊದಲು ಸಾಲ್ಡರಿಂಗ್ ಕಡ್ಡಿ ಕಾಯಿಸಿ, ಬ್ಯಾಟರಿಯ ಅಂಚಿನಲ್ಲೂ ಆರು ಮುಚ್ಚಳಗಳೊಳಗೂ ಇದ್ದ ಮೂರು ಚುಕ್ಕಿ, ಒಂದು ಗೀರನ್ನು ಕರಗಿಸಿ ಸವರಿಬಿಟ್ಟ. ಪ್ಲಾಸ್ಟಿಕ್ಕಿನ ಹೊಗೆಗೆ ಕಣ್ಣಲ್ಲಿ ನೀರು ಬಂತು ಎಂದು ಅಂಕಮ್ಮನಿಗೆ ಹೇಳಿದ. ಅವಳು ನಂಬಿದವಳಂತೆ ಕಿಟಕಿ ತೆರೆದಳು.

ಎರಡು ದಿನದ ಮೇಲೆ ನಾಗಲಕ್ಷ್ಮಮ್ಮ ತರಕಾರಿ ಚೀಲ ಹಿಡಿದು ಬಂದು ಲಿಫ್ಟಿನ ಬಾಗಿಲಲ್ಲಿ ನಿಂತರು. ಒಳಗೆ ದೀಪ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಗೂಟದಲ್ಲಿ ಸೆಟ್ಟು ನೇತಾಡುತ್ತಿತ್ತು. ಎಲ್ಲವೂ ಅವನೇ ಆರಿಸಿದ ಮಾಲು. ಹತ್ತು ದಿನ ಶಕ್ತಿ ಹಿಡಿದುಕೊಳ್ಳುವಂಥದ್ದು. ಯಲ್ಲಯ್ಯ ಅಲ್ಲೇ ಸ್ವಿಚ್ ಬೋರ್ಡು ಒರೆಸುತ್ತಿದ್ದ.

"ಎಲ್ಲಾ ಸರಿಹೋಯ್ತಂತಲ್ಲ. ಹತ್ತಲೇನೋ ಯಲ್ಲಯ್ಯ?"

ಯಲ್ಲಯ್ಯ ಒರೆಸುವುದನ್ನು ನಿಲ್ಲಿಸಲಿಲ್ಲ.

"ಸೆಕ್ರೆಟರಿ ಸಾರ್‌ನ ಕೇಳಿ ಅಮ್ಮ" ಎಂದ.

ನಾಗಲಕ್ಷ್ಮಮ್ಮ ಮುಚ್ಚಳದೊಳಗೆ ಬೆರಳಿಟ್ಟು ನೋಡಬೇಕೆಂದು ಸೆಟ್ಟಿನ ಕಡೆ ಕೈ ಚಾಚಿದವರು, ಅರ್ಧಕ್ಕೇ ಕೈ ಹಿಂದೆಗೆದುಕೊಂಡರು. ಆಮೇಲೆ ಚೀಲವನ್ನು ಎಡಗೈಗೆ ಬದಲಾಯಿಸಿ, ಬಲಗೈಯಲ್ಲಿ ಕಂಬಿ ಹಿಡಿದು, ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು.